ಹಿಡಿಯ ಮೇಲಿನ ಐದು ಕಚ್ಚು

ಅಜ್ಜಂಪುರ
9-1-1972

ಅಂಜಿನಣ್ಣ,

ಕ್ಷೇಮ ಕೇಳಿ ಕಾಲ ಕಳೆಯುವುದಿಲ್ಲ. ಬೀರೂರಿನ ಹಮಾಲರ ಮುಷ್ಕರದಲ್ಲಿ ನಾವಿಬ್ಬರೂ ಒಂದೇ ಲಾಠಿಯ ಏಟು ತಿಂದೆವು. ಅದಾದ ಮೇಲೆ ನೀನು ಯಗಟಿಗೆ ಹೋಗಿ ಕುರಿಗಳ ಹಿಂದೆ ಬಿದ್ದೆ. ನಿನ್ನನ್ನು ಹೇಡಿ ಎಂದು ಬರೆದಿದ್ದೆ. ಆ ಮಾತನ್ನು ಈಗಲೂ ವಾಪಸು ತೆಗೆದುಕೊಳ್ಳುವುದಿಲ್ಲ. ಆದರೂ ಈ ಕಾಗದ ನಿನಗೇ ಬರೆಯಬೇಕಾಗಿದೆ. ನಿನ್ನಪ್ಪ, ನನ್ನಪ್ಪ ಒಂದೇ ದಿನ ಕಡೂರಿನಲ್ಲಿ ಎದೆ ಅಳತೆ ಕೊಟ್ಟು ಬ್ರಿಟಿಷರ ದಂಡು ಸೇರಿದವರು. ನಿನ್ನಪ್ಪ ಬೀರಪ್ಪ ಬರ್ಮಾದಲ್ಲಿ ಜ್ವರ ಬಂದು ಸತ್ತ. ನನ್ನಪ್ಪ ದೇವೀರಪ್ಪ ಬದುಕಿ ಬಂದ. ಬರುವಾಗ ಹಾಸಿಗೆ ಸುರುಳಿಯಲ್ಲಿ ಒಂದು ಕತ್ತಿ ತಂದ.

ಬಾಂಗ್ಲಾ ಯುದ್ಧ ಗೆದ್ದ ಸಂತೋಷಕ್ಕೆ ಇಲ್ಲಿನ ವರ್ತಕರು ಮೊನ್ನೆ ಒಂದು ಸಭೆ ಮಾಡಿದರು. ಅಪ್ಪನನ್ನು ಪದಕಗಳ ಸಮೇತ ವೇದಿಕೆ ಹತ್ತಿಸಿದರು. ಅಪ್ಪ ಕತ್ತಿ ಎತ್ತಿ ಹಿಡಿದು ಹಳೆಯ ಕಥೆ ಹೇಳಿದ. "ಕೂಗದ ಹಾಗೆ ಬಾಯಿ ಮುಚ್ಚಿ ಹಿಡ್ಕೊಂಡೆ. ಜಪಾನಿನೋನು, ಕೈ ಕಚ್ಚಿದ. ನಾನು ಬಿಡ್ಲಿಲ್ಲ. ಅವನ ಕತ್ತೀನೇ ಕಿತ್ಕೊಂಡು, ಇಲ್ಲಿ, ಪಕ್ಕೆಲುಬಿನ ಕೆಳಗೆ." ಎಡಗೈ ಎತ್ತಿ ಅಂಗೈ ಅಂಚಿನ ಅರ್ಧಚಂದ್ರದಂಥ ಗಾಯದ ಗುರುತು ತೋರಿಸಿದ. ಹುಡುಗರು ಶಿಳ್ಳೆ ಹಾಕಿದರು. ಅಡಿಕೆ ಮಂಡಿಯವನೊಬ್ಬ ಹಾರ ಹಾಕಿದ. ಯಾರ ರಾಜ್ಯಕ್ಕಾಗಿ, ಯಾರ ಮಗನನ್ನು ಕೊಂದದ್ದಕ್ಕೆ ಈ ಹಾರ?

ನಮ್ಮ ಮನೆಯಲ್ಲಿ ಪ್ರತಿ ಆಯುಧಪೂಜೆಗೂ ಆ ಕತ್ತಿಯನ್ನು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿ, ವಿಭೂತಿ ಬಳಿದು, ಕುಂಕುಮ ಹಚ್ಚಿ ಎಳನೀರು ಎರೆಯುತ್ತಾರೆ. ಆಮೇಲೆ ಒದ್ದೆಯಲ್ಲೇ ತೊಗಲಿನ ಒರೆಗೆ ತುರುಕುತ್ತಾರೆ. ಅಲಗಿನ ಬುಡದಲ್ಲಿ ಏನೋ ಅಕ್ಷರ ಕೊರೆದಿದೆ. ಹೀಗೆ ತಿಕ್ಕಿ ತಿಕ್ಕಿ ಅದು ಅರ್ಧ ಸವೆದಿದೆ, ಉಳಿದರ್ಧಕ್ಕೆ ತುಕ್ಕು ಹತ್ತಿದೆ. ಸಾಕ್ಷಿಯನ್ನು ತೊಳೆದು ಹಾಕುವ ಪೂಜೆ ಇದು. ಸಭೆಯ ಮಾರನೆ ಬೆಳಿಗ್ಗೆ ಕತ್ತಿಯನ್ನು ನನ್ನ ಟ್ರಂಕಿಗೆ ಹಾಕಿ ಬೀಗ ಜಡಿದೆ. ಅಪ್ಪ ಕಪಾಳಕ್ಕೆ ಹೊಡೆದ. ತುಟಿ ಒಡೆಯಿತು. ಬೀಗದ ಕೈ ಕೊಡಲಿಲ್ಲ.

ಏಪ್ರಿಲ್‌ನಲ್ಲಿ ನಮ್ಮ ವಾಚನಾಲಯದಲ್ಲಿ ಪ್ರದರ್ಶನ ಇಡುತ್ತೇವೆ. 'ಸಾಮ್ರಾಜ್ಯಶಾಹಿ ನಮ್ಮ ಕೈಯಿಂದ ಮಾಡಿಸಿದ್ದು' ಎಂದು ಅದರ ಹೆಸರು. ಕತ್ತಿಯನ್ನು ತುಕ್ಕು ಸಮೇತ, ಹೇಗಿದೆಯೋ ಹಾಗೇ ಇಡುತ್ತೇನೆ. ಹಿಡಿಯ ಮರದ ಒಂದು ಮಗ್ಗುಲಲ್ಲಿ ಐದು ಕಚ್ಚುಗಳಿವೆ. ಮೇಲಂಚಿನಲ್ಲಿ ಎರಡು, ಕೆಳಂಚಿನಲ್ಲಿ ಒಂದು, ತುದಿಯಲ್ಲಿ ಜೊತೆಯಾಗಿ ಎರಡು. ಸೈನಿಕರು ಒಂದೊಂದು ಹೆಣಕ್ಕೂ ಒಂದೊಂದು ಕಚ್ಚು ಹಾಕಿಕೊಳ್ಳುತ್ತಾರಂತೆ. ಅಪ್ಪ ಒಬ್ಬನ ಕಥೆ ಮಾತ್ರ ಹೇಳುತ್ತಾನೆ. ಮಿಕ್ಕ ನಾಲ್ವರು ಯಾರು?

ನಿನ್ನಪ್ಪನ ವಸ್ತು ಏನಾದರೂ ಇದ್ದರೆ ಕೊಡು. ಅವನೂ ಅದೇ ಯಂತ್ರಕ್ಕೆ ಬಲಿಯಾದವನು.

ಹೋರಾಟದಲ್ಲಿ ನಿನ್ನವ,
ಓಂಕಾರಮೂರ್ತಿ


ಯಗಟಿ
22-1-1972

ಓಂಕಾರ,

ಕಾಗದ ಬಂತು. ಜೊತೆಗೆ ಕಳಿಸಿದ್ದ ಕರಪತ್ರಗಳಲ್ಲಿ ಅರ್ಧವನ್ನು ಕುರಿ ತಿಂದಿತು. ಉಳಿದದ್ದನ್ನು ಓದಿದೆ. ತಿಂದ ಅರ್ಧವೇ ಚೆನ್ನಾಗಿತ್ತೋ ಏನೋ.

ಹೇಡಿ ಅನ್ನುವುದನ್ನು ನೀನು ಇಲ್ಲಿಗೆ ಬಂದು, ಎಮ್ಮೆದೊಡ್ಡಿಯ ಮೇವಿನ ಕಾವಲಿನ ಅಂಚಿನಲ್ಲಿ ತೋಳ ನುಗ್ಗಿದಾಗ ನನ್ನ ಪಕ್ಕದಲ್ಲಿ ನಿಂತು ಹೇಳು.

ಕೊಡಲು ನಮ್ಮಲ್ಲಿ ಏನೂ ಇಲ್ಲ. ಅಪ್ಪ ಹೋಗುವಾಗ ನಾನು ಅವ್ವನ ಹೊಟ್ಟೆಯಲ್ಲಿದ್ದೆ. ಯಾವ ಸಾಮಾನೂ ಮನೆಗೆ ಬರಲಿಲ್ಲ. ಬಂದವರು ನಿನ್ನ ತಂದೆಯವರೊಬ್ಬರೇ. ಯುದ್ಧ ಮುಗಿದ ವರ್ಷ ಹಟ್ಟಿಗೆ ಬಂದು, ಅಂಗಳದಲ್ಲೇ ನಿಂತು, ಜ್ವರ ಬಂತು, ಹೋದ ಎಂದು ಹೇಳಿದರಂತೆ. ಅವ್ವ ಮಜ್ಜಿಗೆ ತಂದಳಂತೆ. ಕುಡಿಯಲಿಲ್ಲ. ನೀರು ಕೊಟ್ಟರೆ ಅದನ್ನೂ ಕುಡಿಯದೆ ತಿರುಗಿ ನಡೆದರಂತೆ. ಲಿಂಗಾಯತರು ನಮ್ಮ ಮನೆಯ ನೀರು ಹೇಗೆ ಕುಡಿಯುತ್ತಾರೆ ಎಂದುಕೊಂಡು ಅವ್ವ ಸುಮ್ಮನಾದಳು. ಅಪ್ಪನೂ ಅವರೂ ದಂಡು ಸೇರುವ ಮೊದಲು ಒಂದೇ ಬುತ್ತಿ ತಿಂದವರು ಎನ್ನುವುದು ಅವಳಿಗೆ ಆಮೇಲೆ ನೆನಪಾಯಿತಂತೆ.

ಇಷ್ಟು ವರ್ಷವಾದರೂ ಅಜ್ಜಂಪುರದ ಕಡೆಯವರು ಯಾರು ಸಿಕ್ಕರೂ "ದೇವೀರಣ್ಣ ಆರಾಮಾಗವ್ನಾ?" ಎಂದು ಕೇಳುತ್ತಾಳೆ. ಅದಕ್ಕೇ ಹೇಳುತ್ತಿದ್ದೇನೆ, ವಯಸ್ಸಾದವರನ್ನು ನಾಲ್ಕು ಜನರ ಮುಂದೆ ಕೊಲೆಗಾರ ಎನ್ನುವ ಮೊದಲು ಸರಿಯಾಗಿ ತಿಳಿದುಕೋ.

ಇಂತಿ,
ಅಂಜಿನಪ್ಪ


ಅಜ್ಜಂಪುರ
13-2-1972

ಅಂಜಿನಣ್ಣ,

ತಿಳಿದುಕೊಂಡೆ. ನೀನು ಹೇಳಿದ್ದಕ್ಕಲ್ಲ, ನನಗೇ ಬೇಕಿತ್ತು.

ತರೀಕೆರೆಯಲ್ಲಿ ಹವಾಲ್ದಾರ್ ಷಣ್ಮುಖಪ್ಪ ಎಂಬುವರಿದ್ದಾರೆ. ಅಪ್ಪನ ಕಂಪನಿಯಲ್ಲೇ ಇದ್ದವರು, ಈಗ ಮಗನ ಜವಳಿ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಯುದ್ಧದ ಕಥೆ ಕೊರೆಯುತ್ತಾರೆ. ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಅವರ ಮುಂದೆ ಬಿಚ್ಚಿದೆ. ಕಳೆದುಹೋದ ಎತ್ತು ಸಿಕ್ಕವರಂತೆ ನಕ್ಕರು. ಇದು ಕತ್ತಿಯಲ್ಲ, ಬಂದೂಕಿನ ಮೂತಿಗೆ ಸಿಕ್ಕಿಸುವ ಸಂಗೀನು ಎಂದರು. ಮೊದಲು ಮೊಳದುದ್ದ ಮಾಡುತ್ತಿದ್ದರಂತೆ, ಕಾಡಿನಲ್ಲಿ ಗಿಡಬಳ್ಳಿಗೆ ಸಿಕ್ಕಿಕೊಳ್ಳುತ್ತದೆಂದು ಆಮೇಲೆ ಗಿಡ್ಡ ಮಾಡಿದರಂತೆ. ಭೂತಗನ್ನಡಿ ಹಿಡಿದು ಅಲಗಿನ ಬುಡ ತೋರಿಸಿದರು. ಕಿರೀಟ, ಹಕ್ಕಿಯ ಕಾಲಿನಂಥ ಬಾಣದ ಗುರುತು, 43 ಎಂಬ ಇಸವಿ, R.F.I. ಎಂಬ ಮೂರಕ್ಷರ. ಬಂಗಾಳದ ಇಷಾಪುರದ ಬಂದೂಕು ಕಾರ್ಖಾನೆಯ ಮುದ್ರೆಯಂತೆ.

"ಜಪಾನಿನೋರ ಸಂಗೀನಿಗೆ ಅಡ್ಡಪಟ್ಟಿ ಕೊಕ್ಕೆ ಥರ ಬಾಗಿರುತ್ತೆ ಕಣಪ್ಪ. ಇದು ನಮ್ಮ ಸರ್ಕಾರದ್ದೇ" ಎಂದರು.

ಅಂದರೆ ಅಪ್ಪ ಸುಳ್ಳು ಹೇಳಿದ್ದಾನೆ. ಜಪಾನಿಯವನಿಂದ ಕಿತ್ತುಕೊಂಡು ಅವನಿಗೇ ಚುಚ್ಚಿದೆ ಎಂದು ಇಷ್ಟು ವರ್ಷ ಹೇಳಿದ್ದು ಸುಳ್ಳು. ಅಪ್ಪನ ಸ್ವಂತದ್ದೇ ಇರಬಹುದಲ್ಲ ಎಂದು ಕೇಳಿದೆ. ಸಂಗೀನು ಯಾರ ಸ್ವಂತದ್ದೂ ಅಲ್ಲ, ಬಿಡುಗಡೆಯಾದರೂ ಸತ್ತರೂ ಉಗ್ರಾಣಕ್ಕೆ ವಾಪಸು ಹೋಗಬೇಕು, ನಿಮ್ಮಪ್ಪ ಅದು ಹೇಗೆ ಕದ್ದು ತಂದನೋ ಎಂದು ಹವಾಲ್ದಾರರು ನಕ್ಕರು. ನಗುತ್ತಲೇ ಸಂಗೀನನ್ನು ಮಗುಚಿದರು. ಹಿಡಿಯ ಕಚ್ಚುಗಳ ಮೇಲೆ ಹೆಬ್ಬೆರಳು ಓಡಿತು. ಅಲ್ಲಿಗೆ ನಗು ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡರು. ಇದು ಕೊಂದವರ ಲೆಕ್ಕವಾ ಎಂದು ಕೇಳಿದೆ.

"ಹೂಂ, ಲೆಕ್ಕ ಅಂತಲೇ ಇಟ್ಕೋ" ಎಂದರು. "ಒಳಗಿಟ್ಟುಬಿಡು. ಊರಿಗೆಲ್ಲ ತೋರಿಸ್ಬೇಡ."

ಕಾಪಾಡುವ ರೀತಿಯನ್ನೂ ಹೇಳಿಕೊಟ್ಟರು. ನೀರು ಸೋಕಿಸಬಾರದು, ಹುಣಿಸೆಹಣ್ಣು ಮುಟ್ಟಿಸಬಾರದು, ಸಾಣೆ ಹಿಡಿಸಬಾರದು. ಒರೆಯಲ್ಲಿ ಇಡಲೇಬಾರದು, ತೊಗಲು ತೇವ ಹೀರಿ ಅಲಗನ್ನು ತಿನ್ನುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ತೆಳ್ಳಗೆ ಒರೆಸಬೇಕು. ಹಾಗೇ ಮಾಡಿದ್ದೇನೆ. ಮೂರಕ್ಷರಗಳು ಈಗ ಬರಿಗಣ್ಣಿಗೇ ಕಾಣುತ್ತವೆ.

ಇದು ಇಷಾಪುರದ್ದು ಎಂದು ಅಪ್ಪನ ಮುಖಕ್ಕೇ ಹೇಳಿದೆ. ಊಟದ ತಟ್ಟೆಯನ್ನು ಗೋಡೆಗೆ ಎಸೆದು ಎದ್ದುಹೋದ. ಬೆದರಿಸಿ ಬಾಯಿ ಮುಚ್ಚಿಸುವ ಕಾಲ ಹೋಯಿತು. ಆ ಐವರು ಜಪಾನಿಯರೇ ಅಲ್ಲದಿರಬಹುದು. ಬರ್ಮಾದ ಬಡ ರೈತರಿರಬಹುದು. ಗದ್ದೆಯಲ್ಲಿ ನಿಂತವರನ್ನು ದೊರೆಗಳ ಅಪ್ಪಣೆಯಂತೆ ಕೊಚ್ಚಿರಬಹುದು. 'ಐದು ಕೊಲೆಗಳ ಸಂಗೀನು' ಎಂದು ಚೀಟಿ ಬರೆದಿಟ್ಟಿದ್ದೇನೆ. ಕಚ್ಚುಗಳ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪಡಿಯಚ್ಚು ತೆಗೆದಿದ್ದೇನೆ. ಒಂದನ್ನು ನಿನಗೂ ಕಳಿಸುತ್ತಿದ್ದೇನೆ. ನೋಡು, ಆಮೇಲೆ ವಯಸ್ಸಾದವರು ಅನ್ನು.

ನಿನ್ನವ,
ಓಂಕಾರಮೂರ್ತಿ


ಯಗಟಿ
24-2-1972

ಓಂಕಾರಮೂರ್ತಿ,

ನಿನ್ನ ಪೆನ್ಸಿಲ್ ಕಾಗದವನ್ನು ಅವ್ವನ ಮುಂದೆ ಬಿಡಿಸಿದೆ. ಕಂಬಳಿಗೆ ನೂಲು ತೆಗೆಯುತ್ತಿದ್ದಳು. ನೋಡಿದಳು, ಕಾಗದವನ್ನು ತಿರುಗಿಸಿ ಹಿಡಿದು ಮತ್ತೆ ನೋಡಿದಳು. ದೊಡ್ಡಿಗೆ ಹೋಗಿ ಒಂದು ಹೆಣ್ಣು ಕುರಿಯನ್ನು ಎಳೆದು ತಂದಳು. ಅದರ ಎಡಗಿವಿಯನ್ನು ನಿನ್ನ ಕಾಗದದ ಮೇಲೆ ಹರಡಿದಳು.

ಮೇಲೆ ಎರಡು, ಕೆಳಗೆ ಒಂದು, ತುದಿಯಲ್ಲಿ ಸೀಳು. ನೀನು ಎರಡು ಎಂದು ಎಣಿಸಿರುವುದು ಒಂದು ಸೀಳಿನ ಎರಡು ಮಗ್ಗುಲು.

ಅದು ನಮ್ಮ ಕುರಿಗಳ ಕಿವಿಗುರುತು. ಮಂದೆಗೆ ಮಂದೆ ಬೆರೆತರೆ ಇದನ್ನು ನೋಡಿಯೇ ನಮ್ಮದನ್ನು ಆರಿಸಿಕೊಳ್ಳುತ್ತೇವೆ. ನಮ್ಮ ಹಟ್ಟಿಯಲ್ಲಿ ಒಂದೊಂದು ಮನೆಗೂ ಒಂದೊಂದು. ನನ್ನಪ್ಪನಿಗೆ ಓದುಬರಹ ಬರುತ್ತಿರಲಿಲ್ಲ. ತನ್ನ ಕೋಲಿಗೆ, ಕೊಡಲಿ ಕಾವಿಗೆ, ಈ ಮನೆಯ ಬಾಗಿಲ ಚೌಕಟ್ಟಿಗೆ ಇದನ್ನೇ ಕೊರೆದಿದ್ದಾನೆ. ಬೇಕಾದರೆ ಬಂದು ನೋಡು.

ನೀನು ಐದು ಹೆಣ ಎಣಿಸಿದ್ದೀಯ. ಅಲ್ಲಿರುವುದು ಒಂದು ಹೆಸರು.

ಈಗ ನನಗೆ ಉತ್ತರ ಬೇಕು. ಸತ್ತವನ ಸಂಗೀನು ಉಗ್ರಾಣಕ್ಕೆ ಹೋಗಬೇಕು ಎಂದು ನೀನೇ ಬರೆದಿದ್ದೀಯ. ಜ್ವರ ಬಂದು ಸತ್ತವನ ಸಂಗೀನು ನಿನ್ನಪ್ಪನ ಹಾಸಿಗೆ ಸುರುಳಿಗೆ ಹೇಗೆ ಬಂತು? ಜಪಾನಿಯವನ ಕೈಯಿಂದಂತೂ ಬರಲಿಲ್ಲ. ಹಾಗಾದರೆ ಬಾಯಿ ಮುಚ್ಚಿಸಿ, ಕೈ ಕಚ್ಚಿಸಿಕೊಂಡು, ಪಕ್ಕೆಲುಬಿನ ಕೆಳಗೆ ಚುಚ್ಚಿದ ಆ ಕಥೆಯಲ್ಲಿ ಸತ್ತವನು ಯಾರು?

ಅವ್ವ ಮೂರು ದಿನದಿಂದ ಒಲೆ ಹಚ್ಚಿಲ್ಲ. ನಾನು ಮಚ್ಚು ಮಸೆದಿಟ್ಟಿದ್ದೇನೆ. ನಿನ್ನಪ್ಪ ಬಾಯಿ ಬಿಡಲಿ. ಇಲ್ಲವಾದರೆ ನಾನು ಬಂದು ಬಿಡಿಸುತ್ತೇನೆ. ಅವನಿಗೆ ಹೇಳು.

ಅಂಜಿನಪ್ಪ


ಅಜ್ಜಂಪುರ
12-3-1972

ಅಂಜಿನಣ್ಣ,

ಅಕ್ಷರ ಸೊಟ್ಟಗಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲ ಅಂಗೈಗೆ ಹೊಲಿಗೆ ಹಾಕಿದ್ದಾರೆ. ಮೇವು ಕತ್ತರಿಸುವಾಗ ಆಯಿತು ಎಂದು ಡಾಕ್ಟರಿಗೆ ಹೇಳಿದೆ. ಪೊಲೀಸರವರೆಗೆ ಯಾರೂ ಹೋಗಿಲ್ಲ.

ಸಂತೆಯ ದಿನ ನಮ್ಮ ಜಗಲಿಯ ಮೇಲೆ ನೀನು ಮಚ್ಚು ಬೀಸಿದ್ದು ಅಪ್ಪನ ಕುತ್ತಿಗೆಗೆ. ನಾನು ಕೈ ಅಡ್ಡ ತಂದೆ. ರಕ್ತ ಚಿಮ್ಮಿದ್ದನ್ನು ನೋಡಿ ನೀನು ಓಡಿದೆ. ಆಮೇಲಿನದು ನಿನಗೆ ಗೊತ್ತಿಲ್ಲ. ಅಪ್ಪ ಕೂತಲ್ಲಿಂದ ಅಲುಗಿರಲಿಲ್ಲ, ತಲೆ ಬಗ್ಗಿಸಿ ಕುತ್ತಿಗೆ ಕೊಟ್ಟುಕೊಂಡೇ ಕೂತಿದ್ದ. ನನ್ನ ಕೈಗೆ ಟವೆಲ್ ಸುತ್ತುತ್ತಾ ಒಂದೇ ಮಾತು ಹೇಳಿದ. "ನೀನ್ಯಾಕೋ ಅಡ್ಡ ಬಂದೆ."

ಗಾಯ ಒಣಗುವ ಮೊದಲೇ ತರೀಕೆರೆಗೆ ಹೋದೆ. ಷಣ್ಮುಖಪ್ಪನವರನ್ನು ಅಂಗಡಿಯಿಂದ ಅಂಗಿ ಹಿಡಿದು ಹಿತ್ತಲಿಗೆ ಎಳೆದೆ. ಹೇಳದಿದ್ದರೆ ಬಾವಿಗೆ ತಳ್ಳುತ್ತೇನೆ ಎಂದೆ, ತಳ್ಳುತ್ತಿದ್ದೆ ಕೂಡ. ಹೇಳಿದರು. ಅವರು ಹೇಳಿದ್ದನ್ನು ಮೆತ್ತಗೆ ಮಾಡದೆ ಬರೆಯುತ್ತೇನೆ. ನಿನಗೆ ಮೆತ್ತಗಿನದು ಬೇಕಾಗಿಲ್ಲ.

ಚಿಂದ್ವಿನ್ ನದಿ ದಾಟಿದ ಮೇಲೆ ಒಂದು ದೊಡ್ಡ ಬಿದಿರುಮೆಳೆ. ಮುಂದೇನಿದೆ ಎಂದು ನೋಡಿಬರಲು ಒಬ್ಬ ಬಿಳಿಯ ಸಾಹೇಬನ ಜೊತೆ ಇವರ ಒಂದು ಗುಂಪನ್ನು ಕಳಿಸಿದ್ದರು. ಎಲ್ಲಿಂದಲೋ ಒಂದು ಶೆಲ್ ಬಂದು ಸಿಡಿಯಿತು. ಬಿದ್ದವನು ನಿನ್ನಪ್ಪ ಒಬ್ಬನೇ. ಹೊಟ್ಟೆ ಹರಿದಿತ್ತು. ಕರುಳನ್ನು ಎರಡೂ ಕೈಯಲ್ಲಿ ಒಳಗೆ ಒತ್ತಿಕೊಳ್ಳುತ್ತಾ ಕೂಗಿದ. ಹಟ್ಟಿಯಿಂದ ಕೂಗಿದರೆ ಕಾವಲಿನಲ್ಲಿ ಕುರಿ ತಲೆ ಎತ್ತಬೇಕು, ಅಂಥ ದನಿಯಂತೆ. ಮೆಳೆಯ ಆ ಕಡೆ ಜಪಾನಿಯರು ನಡೆದಾಡುವುದು, ಮಾತಾಡುವುದು ಕೇಳಿಸುತ್ತಿತ್ತು. ಎಲ್ಲರೂ ನೆಲಕ್ಕೆ ಅಂಟಿ ಮಲಗಿದ್ದರು. ಸಾಹೇಬ ಅಪ್ಪನ ಕಡೆ ನೋಡಿ, ತನ್ನ ಗಂಟಲಿನ ಮೇಲೆ ಬೆರಳು ಎಳೆದು ತೋರಿಸಿದ. ಹತ್ತಿರ ಇದ್ದವನು ಅಪ್ಪನೇ.

ಅಪ್ಪ ಮೊದಲು ಬರೀ ಕೈಯಿಂದ ಬಾಯಿ ಮುಚ್ಚಿದನಂತೆ. ನಿನ್ನಪ್ಪ ಮೂಳೆಗೆ ಹಲ್ಲು ತಾಕುವಂತೆ ಕಚ್ಚಿದ. ಷಣ್ಮುಖಪ್ಪ ಕಾಲುಗಳ ಮೇಲೆ ಕೂತರು. ಅಪ್ಪನ ಸಂಗೀನು ಬಂದೂಕಿಗೆ ಸಿಕ್ಕಿಸಿತ್ತು, ಬಂದೂಕು ಆಚೆ ಬಿದ್ದಿತ್ತು. ಖಾಲಿ ಇದ್ದ ಬಲಗೈಗೆ ಸಿಕ್ಕಿದ್ದು ನಿನ್ನಪ್ಪನ ಸೊಂಟದಲ್ಲೇ ಇದ್ದದ್ದು. ಒಂದು ಸಲಕ್ಕೆ ಆಗಲಿಲ್ಲವಂತೆ. ಆದಮೇಲೂ, ಜಪಾನಿಯರು ದೂರ ಹೋಗುವವರೆಗೆ ಅಪ್ಪ ಆ ಬಾಯಿಂದ ಕೈ ತೆಗೆಯಲಿಲ್ಲವಂತೆ. ಮಿಕ್ಕವರೆಲ್ಲ ಬದುಕಿ ಬಂದರು. ಸಾಹೇಬ ಜ್ವರ ಎಂದು ಬರೆಸಿದ. ಉಗ್ರಾಣಕ್ಕೆ ಅಪ್ಪ ತನ್ನ ಸಂಗೀನನ್ನು ಬೀರಪ್ಪನದು ಎಂದು ಒಪ್ಪಿಸಿ, ಇದನ್ನು ಉಳಿಸಿಕೊಂಡ; ಬಿಡುಗಡೆಯಾಗುವಾಗ ಕಳೆದುಹೋಯಿತೆಂದು ಹೇಳಿ ದಂಡ ಕಟ್ಟಿದನಂತೆ.

ನಾನು ಓದಿರುವುದರಲ್ಲಿ ಇದಕ್ಕೊಂದು ಹೆಸರು ಹುಡುಕಿದೆ. ಪ್ರದರ್ಶನದ ಚೀಟಿಯನ್ನು ಹರಿದು ಹರಿದು ಬರೆದೆ. ಸಾಮ್ರಾಜ್ಯಶಾಹಿ ಎಂದು ಬರೆದರೆ ಅಪ್ಪನ ಕೈ ಸುಮ್ಮನೆ ಪಕ್ಕಕ್ಕೆ ಸರಿದು ಕೂರುತ್ತದೆ. ದೇವೀರಪ್ಪ ಎಂದು ಬರೆದರೆ, ಬೆರಳಾಡಿಸಿದ ಸಾಹೇಬ ತಪ್ಪಿಸಿಕೊಳ್ಳುತ್ತಾನೆ. ಇಬ್ಬರನ್ನೂ ಹಿಡಿಯುವ ಮಾತು ನನಗೆ ಇನ್ನೂ ಸಿಕ್ಕಿಲ್ಲ. ಪ್ರದರ್ಶನದಲ್ಲಿ ಅದನ್ನು ಇಡುವುದಿಲ್ಲ. ಸಂಗೀನು ನಿನ್ನದು. ಕೈ ವಾಸಿಯಾದ ಕೂಡಲೇ ನಾನೇ ತಂದು ಕೊಡುತ್ತೇನೆ. ಆಮೇಲೆ ಅಪ್ಪನ ವಿಷಯದಲ್ಲಿ ನೀನು ಏನು ಮಾಡುತ್ತೀಯೋ, ಈ ಸಲ ಅಡ್ಡ ಬರುವೆನೋ ಇಲ್ಲವೋ ನನಗೇ ತಿಳಿಯದು.

ಓಂಕಾರಮೂರ್ತಿ

ಕಾಗದ ಮಡಿಸುವಾಗ ನೋಡಿದೆ. ಟ್ರಂಕಿನ ಬೀಗ ಮುರಿದಿದೆ. ಸಂಗೀನು ಇಲ್ಲ. ಅಪ್ಪ ಬೆಳಗಿನ ರೈಲಿಗೆ ಬೀರೂರಿಗೆ ಹೋದನೆಂದು ಸ್ಟೇಷನ್ನಿನ ಪೋರ್ಟರ್ ಹೇಳಿದ. ಅಲ್ಲಿಂದ ಕಡೂರು, ಕಡೂರಿನಿಂದ ನಿಮ್ಮ ಬಸ್ಸು. ಈ ಕಾಗದಕ್ಕಿಂತ ಮೊದಲು ಅವನೇ ಬರುತ್ತಾನೆ.


ಯಗಟಿ
19-3-1972

ಓಂಕಾರ,

ನಿನ್ನ ಕಾಗದ ಬರುವ ಹೊತ್ತಿಗೆ ಇಲ್ಲಿ ಎಲ್ಲ ಮುಗಿದಿತ್ತು. ನಿನ್ನ ತಂದೆ ಮಧ್ಯಾಹ್ನದ ಬಸ್ಸಿಗೆ ಬಂದರು. ನಾನು ದೊಡ್ಡಿಯಲ್ಲಿದ್ದೆ. ಅಂಗಳದಲ್ಲಿ, ಆವತ್ತು ನಿಂತಿದ್ದರೆಂದು ಅವ್ವ ತೋರಿಸುತ್ತಿದ್ದ ಜಾಗದಲ್ಲೇ ನಿಂತು, ಸಂಗೀನನ್ನು ಹೊಸ್ತಿಲ ಮೇಲೆ ಇಟ್ಟರು. ಚೌಕಟ್ಟಿನ ಮೇಲಿನ ಗುರುತನ್ನು ನೋಡಿದರು. ಅವ್ವ ಒಳಗಿಂದ ಬಂದಳು.

"ಗಿರಿಯಮ್ಮ, ಜ್ವರ ಅಲ್ಲ. ನಾನೇ. ಇದ್ರಲ್ಲೇ."

ಅಷ್ಟೇ ಹೇಳಿದ್ದು. ಬಿದಿರುಮೆಳೆ, ಸಾಹೇಬ ಯಾವುದನ್ನೂ ಹೇಳಲಿಲ್ಲ. ಅದೆಲ್ಲ ನನಗೆ ಗೊತ್ತಾದದ್ದು ನಿನ್ನ ಕಾಗದದಿಂದ. ಹಾಗಾಗಿ ಆ ಹೊತ್ತಿಗೆ ನನಗೆ ಕಂಡದ್ದು ಒಬ್ಬ ಕೊಲೆಗಾರ ಮಾತ್ರ. ಚಾವಣಿಯ ಸಂದಿಯಿಂದ ಮಚ್ಚು ಕಿತ್ತುಕೊಂಡು ಅವರ ಹಿಂದೆ ಹೋಗಿ ನಿಂತೆ. ಅವರಿಗೆ ಗೊತ್ತಾಯಿತು, ತಿರುಗಲಿಲ್ಲ. ಈ ಸಲ ಅಡ್ಡ ಬರಲು ಯಾರೂ ಇರಲಿಲ್ಲ. ಮಚ್ಚು ಎತ್ತಿದೆ.

ಅವ್ವ ನನ್ನನ್ನು ನೋಡಲೇ ಇಲ್ಲ. ಅವರನ್ನೇ ಕೇಳಿದಳು. "ಕೊನೆಗೆ ಏನಾರ ಅಂದ್ನಾ ದೇವೀರಣ್ಣ?"

ನಿನ್ನ ತಂದೆ ಎಡಗೈ ಮುಂದೆ ಚಾಚಿ, ಆ ಅರ್ಧಚಂದ್ರವನ್ನು ಅವಳಿಗೆ ತೋರಿಸಿದರು. "ಏನೋ ಅಂತಿದ್ದ ಕಣಮ್ಮ. ಬಾಯಿ ಮುಚ್ಚಿದ್ನಲ್ಲ, ಕೇಳಿಸ್ಲಿಲ್ಲ."

ಅವ್ವ ಮೆಟ್ಟಿಲಿಳಿದು ಬಂದು ಆ ಕೈ ಹಿಡಿದಳು. ಬೀರಪ್ಪನ ಹಲ್ಲು ಬಿದ್ದ ಜಾಗದ ಮೇಲೆ ಬೆರಳಿಟ್ಟಳು, ಮಂದೆಯಲ್ಲಿ ಕುರಿಯ ಕಿವಿ ಮುಟ್ಟಿ ನೋಡುತ್ತಾಳಲ್ಲ, ಹಾಗೆ. ನನ್ನ ಕೈ ತಾನಾಗಿ ಕೆಳಗಿಳಿಯಿತು. ಯಾಕೆಂದು ಕೇಳಬೇಡ.

ಆಮೇಲೆ ಅವಳು ಮಾಡಿದ್ದನ್ನು ನೋಡಿದ್ದರೆ ನೀನು ಅತ್ತುಬಿಡುತ್ತಿದ್ದೆ. ಸಂಗೀನನ್ನು ಎತ್ತಿಕೊಂಡು ಮಸೆಗಲ್ಲಿನ ಮುಂದೆ ಕೂತಳು. ನೀರು ಚಿಮುಕಿಸಿ ಅಲಗನ್ನು ಮಸೆದಳು. ನೀನು ಎಣ್ಣೆ ಒರೆಸಿ ಕಾಪಾಡಿದ ಮೂರಕ್ಷರ, ಕಿರೀಟ, ಹಕ್ಕಿಯ ಕಾಲು ಎಲ್ಲದರ ಮೇಲೂ ಕಲ್ಲು ಓಡಿತು. ಹಿಡಿಯನ್ನು ಮಾತ್ರ ಒದ್ದೆಯಾಗದಂತೆ ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ಉಗುರಿನ ಮೇಲೆ ಅಂಚು ನೋಡಿಕೊಂಡು, "ಮರಿ ತಾ" ಎಂದಳು.

ಈ ತಿಂಗಳು ಹುಟ್ಟಿದ ಕರಿ ಮರಿಯನ್ನು ತಂದೆ. ಕಿವಿ ಕತ್ತರಿಸುವಾಗ ಮರಿಯನ್ನು ತೊಡೆಯ ಸಂದಿಯಲ್ಲಿ ಒತ್ತಿ, ಕೂಗಿದರೆ ತಾಯಿ ಗಾಬರಿಯಾಗುತ್ತದೆಂದು ಬಾಯಿ ಅದುಮಿ ಹಿಡಿಯುವುದು ನನ್ನ ಅಭ್ಯಾಸ. ಹಾಗೇ ಹಿಡಿದೆ.

"ಬಾಯಿ ಬಿಡು" ಎಂದಳು ಅವ್ವ. "ಕೂಗ್ಲಿ."

ಮೇಲೆ ಎರಡು ಕತ್ತರಿಸಿದಳು, ಕೆಳಗೆ ಒಂದು, ತುದಿ ಸೀಳಿದಳು. ಮರಿ ಹಟ್ಟಿಯೇ ಅದುರುವಂತೆ ಅರಚಿತು. ನಿನ್ನ ತಂದೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಕಿವಿ ಮುಚ್ಚಿಕೊಳ್ಳಲಿಲ್ಲ. ಅವ್ವ ಗಾಯಕ್ಕೆ ಬೂದಿ ಒತ್ತಿ, ಮರಿಯನ್ನು ಎತ್ತಿ ಅವರ ತೋಳಿಗೆ ಹಾಕಿದಳು.

"ನಿಮ್ಮೋರು ಕುಯ್ಯಾಕಿಲ್ಲ, ತಿನ್ನಾಕಿಲ್ಲ. ಮಾರ್ಬ್ಯಾಡ. ಇದು ಸಾಯೋಗಂಟ ಸಾಕು. ಗುರುತು ನಮ್ದು."

ಸಂಗೀನು ನಮ್ಮಲ್ಲೇ ಇದೆ. ಇನ್ನು ಮೇಲೆ ಅದು ಮರಿಗಳ ಕಿವಿ ಕತ್ತರಿಸುವ ಚೂರಿ. ತುಕ್ಕು ಹಿಡಿಯಲು ಅದಕ್ಕೆ ಪುರಸೊತ್ತು ಸಿಗುವುದಿಲ್ಲ. ಹೊರಡುವಾಗ ಅವ್ವ ನೀರು ಕೊಟ್ಟಳು. ನಿನ್ನ ತಂದೆ ನಿಂತೇ ಕುಡಿದರು, ಪೂರ್ತಿ ಚೊಂಬು.

ಕ್ಷಮಿಸಿದ್ದಾಳೆ ಎಂದು ಬರೆಯಲು ನನಗೆ ಧೈರ್ಯವಿಲ್ಲ. ನಾನಂತೂ ಕ್ಷಮಿಸಿಲ್ಲ. ಬಸ್ಸಿನವರೆಗೆ ಜೊತೆಗೆ ಹೋದೆ, ಅಷ್ಟೇ. ಕಂಡಕ್ಟರ್ ರೇಗಿದ. "ಏನ್ ಯಜಮಾನ್ರೇ, ಅದರ ಬಾಯಿ ಮುಚ್ಚಿ, ಇಲ್ಲಾ ಇಳೀರಿ" ಎಂದ. ನಿನ್ನ ತಂದೆ ಕಿಟಕಿ ಪಕ್ಕ ಕೂತಿದ್ದರು. ಮರಿಯ ಕಿವಿಯಿಂದ ತೊಟ್ಟಿಕ್ಕಿದ ರಕ್ತಕ್ಕೆ ಬಿಳಿ ಪಂಚೆ ಕೆಂಪಾಗಿತ್ತು. ಅವರು ಕಂಡಕ್ಟರನಿಗೆ ಉತ್ತರ ಕೊಡಲಿಲ್ಲ. ಮರಿಯ ಬಾಯಿಯ ಹತ್ತಿರ ಕೈಯನ್ನೂ ತರಲಿಲ್ಲ. ಬಸ್ಸು ಕೆರೆ ಏರಿಯ ತಿರುವು ದಾಟುವವರೆಗೂ ಆ ಕೂಗು ನನಗೆ ಕೇಳುತ್ತಿತ್ತು.

ನಿನ್ನ ಕೈ ಹೇಗಿದೆ? ಬಲಗೈಯಲ್ಲಿ ಬರೆಯಲು ಬಂದಾಗ ಬರೆ. ಎಡಗೈಯ ಸೊಟ್ಟ ಅಕ್ಷರವನ್ನು ಅವ್ವನಿಗೆ ಓದಿ ಹೇಳಲು ನನಗೆ ಕಷ್ಟವಾಗುತ್ತದೆ.

ಇಂತಿ,
ಅಂಜಿನಪ್ಪ